ಮುಗಿಯಿತು ಎನ್ನುವ ಮುನ್ನ ಪಕ್ಕದವನನ್ನು ನೋಡಿ

2014ರ ಎನ್‌ಎಫ್‌ಎಲ್ ಸೀಸನ್ ಮುಗಿದಾಗ ಇಬ್ಬರು ಹಿರಿಯ ವೈಡ್ ರಿಸೀವರ್‌ಗಳ ಹೆಸರಿನ ಮುಂದೆ ಹೆಚ್ಚುಕಡಿಮೆ ಒಂದೇ ಅಂಕಿಗಳಿದ್ದವು. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ರೆಜಿ ವೇನ್: 64 ಕ್ಯಾಚ್, 779 ಯಾರ್ಡ್, 2 ಟಚ್‌ಡೌನ್. ಅರಿಝೋನಾ ಕಾರ್ಡಿನಲ್ಸ್ ತಂಡದ ಲ್ಯಾರಿ ಫಿಟ್ಜ್‌ಜೆರಾಲ್ಡ್: 63 ಕ್ಯಾಚ್, 784 ಯಾರ್ಡ್, 2 ಟಚ್‌ಡೌನ್. ಫ್ಯಾಂಟಸಿ ಫುಟ್‌ಬಾಲ್‌ನ ಲೆಕ್ಕಕ್ಕೆ ಇಳಿಸಿದರೆ ಒಬ್ಬರಿಗೆ 153.9 ಅಂಕ, ಇನ್ನೊಬ್ಬರಿಗೆ 153.4. ಇಬ್ಬರೂ ತಮ್ಮ ತಂಡಗಳ ಆರಾಧ್ಯ ಆಟಗಾರರು, ಇಬ್ಬರಿಗೂ ಮೂವತ್ತು ದಾಟಿತ್ತು, ಇಬ್ಬರ ಬಗ್ಗೆಯೂ ‘ಇವರ ಕಾಲ ಮುಗಿಯಿತು’ ಎಂಬ ಮಾತು ಹಬ್ಬಿತ್ತು. ಮರುವರ್ಷ ವೇನ್ ಲೀಗ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಫಿಟ್ಜ್‌ಜೆರಾಲ್ಡ್ 109 ಕ್ಯಾಚ್ ಹಿಡಿದು 1,215 ಯಾರ್ಡ್ ಕೂಡಿಸಿ 9 ಟಚ್‌ಡೌನ್ ಗಳಿಸಿದರು.

ಅರ್ಧ ಅಂಕದ ಅಂತರದಲ್ಲಿ ನಿಂತಿದ್ದ ಈ ಇಬ್ಬರಲ್ಲಿ ಯಾರು ಮತ್ತೆ ಏಳುತ್ತಾರೆ ಎಂಬುದು 2015ರ ಆಗಸ್ಟ್‌ನಲ್ಲೇ ತಿಳಿಯುವಂತಿತ್ತೇ? ಪೂರ್ತಿಯಾಗಿ ಅಲ್ಲದಿದ್ದರೂ ಬಹುಪಾಲು ತಿಳಿಯುವಂತಿತ್ತು ಎಂಬುದು ನನ್ನ ನಂಬಿಕೆ. ಅದಕ್ಕೆ ದೊಡ್ಡ ಗಣಿತ ಬೇಕಿರಲಿಲ್ಲ. ಅದೇ ತಂಡದಲ್ಲಿ, ಅದೇ ಮೈದಾನದಲ್ಲಿ, ಅದೇ ಕೈಗಳಿಂದ ಬರುವ ಚೆಂಡನ್ನು ಹಿಡಿಯಲು ಪಕ್ಕದಲ್ಲೇ ಓಡುತ್ತಿದ್ದ ಇನ್ನೊಬ್ಬ ರಿಸೀವರ್‌ನ ವರ್ಷ ಹೇಗಿತ್ತು ಎಂದು ನೋಡಿದ್ದರೆ ಸಾಕಿತ್ತು.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಹತ್ತು ಅಥವಾ ಹನ್ನೆರಡು ಮಂದಿ ಸೇರಿ ಒಂದು ಲೀಗ್ ಕಟ್ಟಿಕೊಳ್ಳುತ್ತಾರೆ. ಸೆಪ್ಟೆಂಬರ್‌ನಲ್ಲಿ ಪಂದ್ಯಗಳು ಶುರುವಾಗುವ ಮುಂಚೆ ಡ್ರಾಫ್ಟ್ ನಡೆಯುತ್ತದೆ. ಒಬ್ಬೊಬ್ಬರೂ ಸರದಿಯ ಮೇಲೆ ನಿಜವಾದ ಆಟಗಾರರನ್ನು ತಮ್ಮ ಕಾಲ್ಪನಿಕ ತಂಡಕ್ಕೆ ಆರಿಸಿಕೊಳ್ಳುತ್ತಾರೆ. ಒಬ್ಬರು ಆರಿಸಿಕೊಂಡ ಆಟಗಾರ ಇನ್ನೊಬ್ಬರಿಗೆ ಸಿಗುವುದಿಲ್ಲ. ಆಮೇಲೆ ವಾರವಾರವೂ ಮೈದಾನದಲ್ಲಿ ಆ ಆಟಗಾರ ಮಾಡಿದ ಸಾಧನೆಯೇ ಅಂಕಗಳಾಗಿ ಬದಲಾಗುತ್ತದೆ. ರಿಸೀವರ್ ಎಂದರೆ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಮುಂದೆ ಓಡಿ ಹೋಗಿ ಹಿಡಿಯುವವನು. ಹೆಚ್ಚಿನ ಲೀಗ್‌ಗಳಲ್ಲಿ ಅವನು ಕ್ರಮಿಸಿದ ಪ್ರತಿ 10 ಯಾರ್ಡ್‌ಗೆ 1 ಅಂಕ, ಪ್ರತಿ ಟಚ್‌ಡೌನ್‌ಗೆ, ಅಂದರೆ ಚೆಂಡಿನೊಡನೆ ಎದುರಾಳಿಯ ಕೊನೆಯ ಗೆರೆ ದಾಟಿದ್ದಕ್ಕೆ, 6 ಅಂಕ. ಈಗ ಬಹಳ ಕಡೆ ಹಿಡಿದ ಪ್ರತಿ ಕ್ಯಾಚಿಗೂ 1 ಅಂಕ ಕೊಡುತ್ತಾರೆ. ಈ ಲೇಖನದ ಲೆಕ್ಕಗಳೆಲ್ಲ ಆ ಪದ್ಧತಿಯವು.

ಈ ಆಟಕ್ಕೆ ಅರವತ್ತು ವರ್ಷ ದಾಟಿದೆ. 1962ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ತಂಡದಲ್ಲಿ ಪಾಲುದಾರರಾಗಿದ್ದ ಬಿಲ್ ವಿಂಕೆನ್‌ಬಾಕ್ ತಂಡದ ಜೊತೆ ಪ್ರವಾಸ ಹೋಗಿದ್ದಾಗ, ನ್ಯೂಯಾರ್ಕ್‌ನ ಹೋಟೆಲ್ ಒಂದರಲ್ಲಿ ಗೆಳೆಯರೊಡನೆ ಕುಳಿತು ಇದರ ನಿಯಮಗಳನ್ನು ರೂಪಿಸಿದರು. ಮೊದಲ ಡ್ರಾಫ್ಟ್ ನಡೆದದ್ದು 1963ರಲ್ಲಿ, ಓಕ್‌ಲ್ಯಾಂಡ್‌ನ ಅವರ ಮನೆಯ ನೆಲಮಾಳಿಗೆಯಲ್ಲಿ. ಇಂದು ಅಮೆರಿಕದ ಕಚೇರಿಗಳಲ್ಲಿ ಸೋಮವಾರ ಬೆಳಗಿನ ಮಾತುಕತೆಯೆಲ್ಲ ಇದರ ಸುತ್ತಲೇ ಇರುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಎಷ್ಟೋ ಮಂದಿ ಸಹೋದ್ಯೋಗಿಗಳ ಒತ್ತಾಯಕ್ಕೆ ಒಂದು ಲೀಗ್ ಸೇರಿಕೊಂಡು, ಆ ನೆಪದಲ್ಲೇ ಅಮೆರಿಕನ್ ಫುಟ್‌ಬಾಲ್ ಕಲಿತವರು. ನಮ್ಮಲ್ಲಿ ಫ್ಯಾಂಟಸಿ ಎಂದೊಡನೆ ನೆನಪಾಗುವುದು ಹಣ ಕಟ್ಟಿ ಆಡುತ್ತಿದ್ದ ಕ್ರಿಕೆಟ್ ಆ್ಯಪ್‌ಗಳು. 2025ರ ಕೇಂದ್ರ ಕಾಯ್ದೆ ಅಂಥ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿದೆ. ಒಂದು ದಿನದ ಮಟ್ಟಿಗೆ ಹನ್ನೊಂದು ಜನರನ್ನು ಆರಿಸಿ ಮರೆಯುವ ಆಟ ಅದು. ನಾನಿಲ್ಲಿ ಹೇಳುತ್ತಿರುವುದು ಗೆಳೆಯರ ನಡುವೆ ನಾಲ್ಕು ತಿಂಗಳು ನಡೆಯುವ, ಒಬ್ಬ ಆಟಗಾರನನ್ನು ಇಡೀ ಸೀಸನ್ ಕಟ್ಟಿಕೊಂಡು ಏಗಬೇಕಾದ ಆಟದ ವಿಚಾರ. ಹಾಗೆ ಏಗಬೇಕಾದಾಗಲೇ ಕಳೆದ ವರ್ಷ ಸೋತ ಹಿರಿಯನನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ತೂಕ ಬರುವುದು.

ರಿಸೀವರ್‌ನ ಅಂಕಿಗಳು ಪೂರ್ತಿ ಅವನವೇ ಆಗಿರುವುದಿಲ್ಲ. ವಿಕೆಟ್ ಕೀಪರ್ ಎಷ್ಟೇ ಚುರುಕಾಗಿದ್ದರೂ ಬೌಲರ್‌ಗಳು ಬ್ಯಾಟಿನ ಅಂಚು ತಾಕಿಸದಿದ್ದರೆ ಅವನ ಹೆಸರಿಗೆ ಕ್ಯಾಚುಗಳು ಸೇರುವುದಿಲ್ಲವಲ್ಲ, ಇದೂ ಹಾಗೆಯೇ. ರಿಸೀವರ್ ತನ್ನ ಕಾವಲುಗಾರನಿಂದ ಬಿಡಿಸಿಕೊಂಡು ಬಯಲಲ್ಲಿ ನಿಂತಿರುತ್ತಾನೆ. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದಿರಬಹುದು, ಅವನ ಕಣ್ಣು ಇನ್ನೊಂದು ಕಡೆ ಇರಬಹುದು, ಎಸೆದ ಚೆಂಡು ಎರಡು ಗಜ ಹಿಂದೆ ಬೀಳಬಹುದು. ಕೊನೆಯಲ್ಲಿ ಕಾಗದದ ಮೇಲೆ ಉಳಿಯುವುದು ‘ಹಿಡಿಯಲಿಲ್ಲ’ ಎಂಬುದಷ್ಟೇ.

2014ರ ಅರಿಝೋನಾದ ಕಥೆ ಸರಿಯಾಗಿ ಇದೇ. ಆ ವರ್ಷ ಕಾರ್ಡಿನಲ್ಸ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಪಾಮರ್. ಮೊದಲ ಪಂದ್ಯದಲ್ಲೇ ಅವರ ಭುಜಕ್ಕೆ ತೊಂದರೆಯಾಯಿತು. ಕೆಲವು ವಾರಗಳ ಬಳಿಕ ಮರಳಿದರು. ಆದರೆ ನವೆಂಬರ್ 9ರಂದು ಸೇಂಟ್ ಲೂಯಿಸ್ ರ್‍ಯಾಮ್ಸ್ ವಿರುದ್ಧ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿದು ಅವರ ಸೀಸನ್ ಅಲ್ಲಿಗೇ ನಿಂತಿತು. ಅವರು ಆರಂಭದಿಂದ ಆಡಿದ್ದು ಒಟ್ಟು 6 ಪಂದ್ಯ, ಆರರಲ್ಲೂ ತಂಡ ಗೆದ್ದಿತ್ತು. ಬದಲಿಗೆ ಬಂದ ಡ್ರೂ ಸ್ಟ್ಯಾಂಟನ್ 8 ಪಂದ್ಯಗಳನ್ನು ಆರಂಭದಿಂದ ಆಡಿದರು. ಡಿಸೆಂಬರ್‌ನಲ್ಲಿ ಅವರ ಮಂಡಿಯೂ ಕೈಕೊಟ್ಟಿತು. ಕೊನೆಯ ಎರಡು ಪಂದ್ಯಗಳ ಹೊಣೆ ಮೂರನೆಯವರಾದ ರಯಾನ್ ಲಿಂಡ್ಲೆ ಅವರ ಹೆಗಲಿಗೆ ಬಿತ್ತು. ರಕ್ಷಣಾ ಪಡೆಯ ಬಲದಿಂದ ತಂಡ 11 ಪಂದ್ಯ ಗೆದ್ದು ಪ್ಲೇಆಫ್ ಸೇರಿತು. ಕ್ಯಾರೊಲೈನಾ ವಿರುದ್ಧದ ಆ ಪ್ಲೇಆಫ್ ಪಂದ್ಯದಲ್ಲಿ ಕಾರ್ಡಿನಲ್ಸ್ ಗಳಿಸಿದ್ದು ಇಡೀ ಪಂದ್ಯಕ್ಕೆ 78 ಯಾರ್ಡ್. ಎನ್‌ಎಫ್‌ಎಲ್ ಪ್ಲೇಆಫ್ ಚರಿತ್ರೆಯಲ್ಲೇ ಅಷ್ಟು ಕಡಿಮೆ ಯಾರೂ ಗಳಿಸಿರಲಿಲ್ಲ. ಇಂಥ ತಂಡದ ರಿಸೀವರ್ ಎಷ್ಟು ಯಾರ್ಡ್ ಗಳಿಸಬೇಕೆಂದು ನಾವು ಕಾಯುವುದು?

ಅದೇ ಸೀಸನ್‌ನ ಒಂದು ದಿನವನ್ನು ಹತ್ತಿರದಿಂದ ನೋಡೋಣ. ಅಕ್ಟೋಬರ್ 26, ಎದುರಾಳಿ ಫಿಲಡೆಲ್ಫಿಯಾ ಈಗಲ್ಸ್. ಪಾಮರ್ ಆಗ ಆರೋಗ್ಯವಾಗಿದ್ದರು. ಫಿಟ್ಜ್‌ಜೆರಾಲ್ಡ್ 7 ಕ್ಯಾಚ್ ಹಿಡಿದು 160 ಯಾರ್ಡ್ ಗಳಿಸಿದರು. ಅದರಲ್ಲಿ ಒಂದು 80 ಯಾರ್ಡ್‌ನ ಟಚ್‌ಡೌನ್. ವರ್ಷದ ಒಟ್ಟು 784 ಯಾರ್ಡ್‌ಗಳಲ್ಲಿ ಐದನೇ ಒಂದು ಭಾಗ ಆ ಒಂದೇ ದಿನ ಬಂತು. ಮೂವತ್ತೊಂದು ವರ್ಷದ ಕಾಲುಗಳು 80 ಯಾರ್ಡ್ ಓಡಬಲ್ಲವು ಎಂದು ಅಂದೇ ಗೊತ್ತಾಗಿತ್ತು. ಕೊರತೆ ಇದ್ದದ್ದು ಚೆಂಡು ತಲುಪಿಸುವ ಕೈಗಳಿಗೆ. ನವೆಂಬರ್‌ನಲ್ಲಿ ಮಂಡಿಗೆ ಪೆಟ್ಟು ಬಿದ್ದು ಅವರೂ ಎರಡು ಪಂದ್ಯ ತಪ್ಪಿಸಿಕೊಂಡರು. 14 ಪಂದ್ಯಗಳ ಮೊತ್ತವನ್ನು 16 ಪಂದ್ಯ ಆಡಿದವರ ಮೊತ್ತದ ಪಕ್ಕ ಇಟ್ಟು ಹೋಲಿಸಿದವರು ಅದನ್ನೂ ಗಮನಿಸಲಿಲ್ಲ.

ಈಗ ಪಕ್ಕದವರನ್ನು ನೋಡೋಣ. ಅರಿಝೋನಾದಲ್ಲಿ ಆ ವರ್ಷ ಮೈಕಲ್ ಫ್ಲಾಯ್ಡ್ 47 ಕ್ಯಾಚ್, 841 ಯಾರ್ಡ್. ಜಾನ್ ಬ್ರೌನ್ 48 ಕ್ಯಾಚ್, 696 ಯಾರ್ಡ್. ಇಬ್ಬರೂ ವಯಸ್ಸಿನಲ್ಲಿ ಕಿರಿಯರು, ಕಾಲಿನಲ್ಲಿ ಚುರುಕು. ಆದರೂ ಸಾವಿರ ಯಾರ್ಡ್‌ನ ಹತ್ತಿರ ಯಾರೂ ಸುಳಿಯಲಿಲ್ಲ. ತಂಡದಲ್ಲಿ ಅತಿ ಹೆಚ್ಚು ಕ್ಯಾಚ್ ಹಿಡಿದವರು ಆಗಲೂ ಫಿಟ್ಜ್‌ಜೆರಾಲ್ಡ್ ಅವರೇ. ಬರ ಇಡೀ ಊರಿಗೇ ಬಂದಿತ್ತು.

ಇಂಡಿಯಾನಾಪೊಲಿಸ್‌ನಲ್ಲಿ ಬರದ ಸುಳಿವೇ ಇರಲಿಲ್ಲ. 2014ರಲ್ಲಿ ಆ್ಯಂಡ್ರೂ ಲಕ್ 40 ಟಚ್‌ಡೌನ್ ಪಾಸ್ ಎಸೆದರು. ಇಡೀ ಲೀಗ್‌ನಲ್ಲಿ ಅದೇ ಅತಿ ಹೆಚ್ಚು. ವೇನ್ ಪಕ್ಕದಲ್ಲಿ ಓಡುತ್ತಿದ್ದ ಟಿ.ವೈ. ಹಿಲ್ಟನ್ 82 ಕ್ಯಾಚ್‌ಗಳಲ್ಲಿ 1,345 ಯಾರ್ಡ್ ಬಾಚಿಕೊಂಡರು. ಅಂಥ ಸುಗ್ಗಿಯಲ್ಲೂ ವೇನ್ ಪಾಲಿಗೆ ಬಂದದ್ದು 779. ಅವರತ್ತ ಚೆಂಡು ಬರಲಿಲ್ಲವೇ ಎಂದರೆ ಬಂದಿತ್ತು, ಒಟ್ಟು 116 ಬಾರಿ. ಹಿಡಿದದ್ದು 64, ಅಂದರೆ ನೂರಕ್ಕೆ 55. ಫಿಟ್ಜ್‌ಜೆರಾಲ್ಡ್ ಮಾತ್ರ ಮೂರು ಕ್ವಾರ್ಟರ್‌ಬ್ಯಾಕ್‌ಗಳ ಕೈಯಲ್ಲಿ ಸಿಕ್ಕಿಯೂ 103ರಲ್ಲಿ 63 ಹಿಡಿದಿದ್ದರು, ನೂರಕ್ಕೆ 61. ವೇನ್‌ಗೆ ಆ ನವೆಂಬರ್‌ನಲ್ಲಿ 36 ತುಂಬಿತ್ತು. ಹಿಂದಿನ ವರ್ಷ ಎಸಿಎಲ್ ಹರಿದಿತ್ತು. 2014ರ ಸೀಸನ್‌ನ ಬಹುಭಾಗವನ್ನು ಅವರು ತೋಳಿನ ಟ್ರೈಸೆಪ್ಸ್ ಹರಿದಿದ್ದಾಗಲೇ ಆಡಿದರು. ಆ ಛಲಕ್ಕೆ ತಲೆಬಾಗಬೇಕು. ಆದರೆ ಫ್ಯಾಂಟಸಿ ತಂಡಕ್ಕೆ ಆರಿಸುವಾಗ ಕೇಳಬೇಕಾದ ಪ್ರಶ್ನೆ ಬೇರೆ, ಆ ಪ್ರಶ್ನೆಗೆ ಉತ್ತರ ಹಿಲ್ಟನ್ ಅವರ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಇದೇ ವೇನ್ ಮೂರು ವರ್ಷ ಮುಂಚೆ ಇನ್ನೊಂದು ಬಗೆಯ ಕೆಟ್ಟ ಸೀಸನ್ ಕಂಡಿದ್ದರು. ಒಬ್ಬನೇ ಆಟಗಾರನ ಬದುಕಿನಲ್ಲಿ ಎರಡೂ ಮಾದರಿಗಳು ಸಿಗುವುದು ಅಪರೂಪ, ಅದಕ್ಕೇ ನನಗೆ ಅವರ ದಾಖಲೆಯ ಮೇಲೆ ಅಷ್ಟು ಒಲವು. 2011ರಲ್ಲಿ ಪೇಟನ್ ಮ್ಯಾನಿಂಗ್ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಕೆರಿ ಕಾಲಿನ್ಸ್, ಕರ್ಟಿಸ್ ಪೇಂಟರ್, ಡ್ಯಾನ್ ಒರ್ಲೋವ್‌ಸ್ಕಿ ಒಬ್ಬರಾದ ಮೇಲೊಬ್ಬರು ಬಂದುಹೋದರು. ಕೋಲ್ಟ್ಸ್ 2 ಪಂದ್ಯ ಗೆದ್ದು 14 ಸೋತಿತು. ವೇನ್ 75 ಕ್ಯಾಚ್, 960 ಯಾರ್ಡ್. ಪಕ್ಕದ ಪಿಯರ್ ಗಾರ್ಸೋನ್ 70 ಕ್ಯಾಚ್, 947 ಯಾರ್ಡ್. ಅಲ್ಲಿಯೂ ಬರ ಎಲ್ಲರಿಗೂ ಸಮ. 2012ರಲ್ಲಿ ಹೊಸ ಹುಡುಗ ಆ್ಯಂಡ್ರೂ ಲಕ್ ಬಂದರು, ವೇನ್ 106 ಕ್ಯಾಚ್‌ಗಳಲ್ಲಿ 1,355 ಯಾರ್ಡ್ ಗಳಿಸಿದರು. ಮ್ಯಾನಿಂಗ್ ಜೊತೆ ಆಡಿದ್ದ 2010ರಲ್ಲಿ ಅವರು ಗಳಿಸಿದ್ದೂ 1,355. ನಡುವಿನ ಒಂದು ವರ್ಷ ಆಟಗಾರ ಎಲ್ಲಿಗೂ ಹೋಗಿರಲಿಲ್ಲ.

ಪಕ್ಕದವನ ಲೆಕ್ಕವನ್ನು ಗಮನಿಸದೆ ಜನ ಮೋಸಹೋದದ್ದಕ್ಕೆ 2015ರ ಆ್ಯಂಡ್ರೆ ಜಾನ್ಸನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಈ ದೈತ್ಯ 2013ರಲ್ಲಿ 109 ಕ್ಯಾಚ್, 1,407 ಯಾರ್ಡ್ ಗಳಿಸಿದ್ದರು. 2014ರಲ್ಲಿ ಅದು 85 ಕ್ಯಾಚ್, 936 ಯಾರ್ಡ್, 3 ಟಚ್‌ಡೌನ್‌ಗೆ ಇಳಿಯಿತು. ತಂಡದ ಕ್ವಾರ್ಟರ್‌ಬ್ಯಾಕ್‌ಗಳ ಅವ್ಯವಸ್ಥೆಯೇ ಕಾರಣ ಎಂದು ಎಲ್ಲರೂ ಹೇಳಿದರು. ಅವ್ಯವಸ್ಥೆ ಇದ್ದದ್ದು ನಿಜ. ರಯಾನ್ ಫಿಟ್ಜ್‌ಪ್ಯಾಟ್ರಿಕ್, ರಯಾನ್ ಮ್ಯಾಲೆಟ್, ಕೇಸ್ ಕೀನಮ್ ಹೀಗೆ ಹೆಸರುಗಳು ಬದಲಾಗುತ್ತಲೇ ಇದ್ದವು. ಆದರೆ ಅದೇ ಅವ್ಯವಸ್ಥೆಯ ನಡುವೆ, ಆಗಿನ್ನೂ ಎರಡನೇ ವರ್ಷದಲ್ಲಿದ್ದ ಡಿಆ್ಯಂಡ್ರೆ ಹಾಪ್‌ಕಿನ್ಸ್ 76 ಕ್ಯಾಚ್‌ಗಳಲ್ಲಿ 1,210 ಯಾರ್ಡ್, 6 ಟಚ್‌ಡೌನ್ ಗಳಿಸಿದ್ದರು. ಜಾನ್ಸನ್‌ಗಿಂತ 9 ಕ್ಯಾಚ್ ಕಡಿಮೆ, 274 ಯಾರ್ಡ್ ಹೆಚ್ಚು.

2015ರ ಮಾರ್ಚ್‌ನಲ್ಲಿ ಜಾನ್ಸನ್ ಕೋಲ್ಟ್ಸ್ ಸೇರಿದರು, ವೇನ್ ಬಿಟ್ಟುಹೋದ ಜಾಗಕ್ಕೇ. ಮೂರು ವರ್ಷಕ್ಕೆ 2.1 ಕೋಟಿ ಡಾಲರ್ ಒಪ್ಪಂದ. ಕೊನೆಗೂ ಅವರಿಗೆ ಆ್ಯಂಡ್ರೂ ಲಕ್ ಅವರಂಥ ಕ್ವಾರ್ಟರ್‌ಬ್ಯಾಕ್ ಸಿಕ್ಕರು ಎಂದು ಫ್ಯಾಂಟಸಿ ಲೋಕ ಸಂಭ್ರಮಿಸಿತು. ಆ ಆಗಸ್ಟ್‌ನ ಡ್ರಾಫ್ಟ್‌ಗಳಲ್ಲಿ ಜಾನ್ಸನ್‌ಗೆ ಫಿಟ್ಜ್‌ಜೆರಾಲ್ಡ್‌ಗಿಂತ ಹೆಚ್ಚು ಬೆಲೆಯಿತ್ತು. ಸೀಸನ್ ಮುಗಿದಾಗ ಜಾನ್ಸನ್ ಕೈಯಲ್ಲಿದ್ದದ್ದು 41 ಕ್ಯಾಚ್, 503 ಯಾರ್ಡ್, 4 ಟಚ್‌ಡೌನ್, ಅಂದರೆ 115.3 ಅಂಕ. ಲಕ್ ಗಾಯಗೊಂಡು 7 ಪಂದ್ಯ ಮಾತ್ರ ಆಡಿದ್ದೂ ಇದಕ್ಕೆ ಒಂದು ಕಾರಣ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಪ್‌ಕಿನ್ಸ್ ಅವರ ಅಂಕಿ ಹಿಂದಿನ ವರ್ಷವೇ ಬಾಗಿಲು ಬಡಿದು ಎಚ್ಚರಿಸಿತ್ತು.

ಎಸೆಯುವವನ ನಂತರ ನಾನು ನೋಡುವುದು ಪಾತ್ರ ಬದಲಾವಣೆಯನ್ನು. ವಯಸ್ಸಾದ ರಿಸೀವರ್ ಕಳೆದುಕೊಳ್ಳುವುದು ಮೊದಲು ವೇಗವನ್ನು. ಮೈದಾನದ ಅಂಚಿನಲ್ಲಿ ನಿಂತು, ಕಾವಲಿಗೆ ನಿಂತ ಎದುರಿನ ಕಾರ್ನರ್‌ಬ್ಯಾಕ್‌ನನ್ನು ಓಟದಲ್ಲಿ ಹಿಂದೆ ಹಾಕಿ ಚೆಂಡು ಹಿಡಿಯುವ ಕೆಲಸ ಅವನಿಗೆ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ. ಜಾಣ ಕೋಚ್ ಅವನನ್ನು ಒಳಗೆ, ಸ್ಲಾಟ್ ಎಂದು ಕರೆಯುವ ಜಾಗಕ್ಕೆ ಎಳೆದುಕೊಳ್ಳುತ್ತಾನೆ. ಅಲ್ಲಿ ಎಡಕ್ಕೂ ಬಲಕ್ಕೂ ತಿರುಗಲು ಜಾಗವಿದೆ, ಎದುರಿಗೆ ನಿಲ್ಲುವವರು ಎಲ್ಲ ವೇಳೆ ಅತಿ ವೇಗದವರಲ್ಲ, ಎಂಟು ಹತ್ತು ಯಾರ್ಡ್ ಓಡಿ ತಟಕ್ಕನೆ ತಿರುಗಿದರೆ ಚೆಂಡು ಕೈಗೆ ಬಂದಿರುತ್ತದೆ. ಗಟ್ಟಿ ಕೈ, ಗಟ್ಟಿ ಮೈ, ಎದುರಾಳಿಯ ಮನಸ್ಸು ಓದುವ ಅನುಭವ ಇಷ್ಟಿದ್ದರೆ ಅಲ್ಲಿ ಬಾಳಬಹುದು. ಬ್ರೂಸ್ ಏರಿಯನ್ಸ್ ಈ ವಿದ್ಯೆಯಲ್ಲಿ ಪಳಗಿದ ಕೋಚ್. 2012ರಲ್ಲಿ ಕೋಲ್ಟ್ಸ್ ತಂಡದಲ್ಲಿದ್ದಾಗ ಅವರು ವೇನ್ ಅವರನ್ನು ಒಂದೇ ಅಂಚಿಗೆ ಕಟ್ಟಿಹಾಕದೆ ಮೈದಾನದ ಎಲ್ಲೆಡೆ ನಿಲ್ಲಿಸಿದರು. 2013ರಲ್ಲಿ ಅರಿಝೋನಾದ ಮುಖ್ಯ ಕೋಚ್ ಆದಾಗ ಫಿಟ್ಜ್‌ಜೆರಾಲ್ಡ್ ಅವರನ್ನು ಒಳಗೆ ತಂದರು. ಹೊಸ ಜಾಗದಲ್ಲಿ ತನಗಿಂತ ದಪ್ಪದ ಲೈನ್‌ಬ್ಯಾಕರ್‌ಗಳನ್ನು ತಡೆಯುವ ಕೆಲಸವೂ ಇರುತ್ತದೆ, ಅದಕ್ಕೆ ಫ್ಯಾಂಟಸಿಯಲ್ಲಿ ಒಂದು ಅಂಕವೂ ಇಲ್ಲ. ಫಿಟ್ಜ್‌ಜೆರಾಲ್ಡ್ ಅದನ್ನು ಮನಸ್ಸಿಟ್ಟು ಮಾಡಿದರು. ತಂಡ ಅಂಥವನನ್ನು ಮೈದಾನದಿಂದ ಆಚೆ ಕೂರಿಸುವುದಿಲ್ಲ, ಮೈದಾನದಲ್ಲಿ ಇರುವವನತ್ತಲೇ ಚೆಂಡು ಬರುತ್ತದೆ.

ಪಾತ್ರ ಬದಲಾದಾಗ ಒಂದು ಅಂಕಿ ನಮ್ಮನ್ನು ಹೆದರಿಸುತ್ತದೆ, ಪ್ರತಿ ಕ್ಯಾಚಿಗೆ ಬರುವ ಸರಾಸರಿ ಯಾರ್ಡ್. ಫಿಟ್ಜ್‌ಜೆರಾಲ್ಡ್ ಸರಾಸರಿ 2014ರಲ್ಲಿ 12.4 ಇತ್ತು, ಅದ್ಭುತ ಎನಿಸಿದ 2015ರಲ್ಲಿ 11.1ಕ್ಕೆ ಇಳಿಯಿತು. ಬೆಲೆ ಏರಿದ ವರ್ಷವೇ ಸರಾಸರಿ ಇಳಿದಿದೆ. ಕ್ಯಾಚಿಗೊಂದು ಅಂಕ ಕೊಡುವ ಲೀಗ್‌ನಲ್ಲಿ ಹತ್ತು ಯಾರ್ಡ್‌ನ ಎರಡು ಕ್ಯಾಚ್‌ಗೆ 4 ಅಂಕ ಬಂದರೆ ಇಪ್ಪತ್ತು ಯಾರ್ಡ್‌ನ ಒಂದು ಕ್ಯಾಚ್‌ಗೆ ಬರುವುದು 3. ಸ್ಲಾಟ್‌ಗೆ ಬಂದ ಹಿರಿಯನನ್ನು ಸರಾಸರಿಯ ಹೆಸರಲ್ಲಿ ಕೈಬಿಡುವವರು ತಮ್ಮ ಲೀಗ್‌ನ ನಿಯಮವನ್ನೇ ಮರೆತಿರುತ್ತಾರೆ.

ಪಂದ್ಯದ ತುಣುಕುಗಳನ್ನು ನೋಡುವ ತಾಳ್ಮೆ ಇದ್ದವರಿಗೆ ಇನ್ನೊಂದು ಗುರುತು ಹೇಳುತ್ತೇನೆ. ಚೆಂಡು ಹಿಡಿಯುವ ಕ್ಷಣವನ್ನು ಬಿಟ್ಟು ಆಟ ಶುರುವಾಗುವ ಮುಂಚಿನ ಕ್ಷಣವನ್ನು ನೋಡಿ. ಎದುರಿನ ಕಾರ್ನರ್‌ಬ್ಯಾಕ್ ರಿಸೀವರ್‌ನಿಂದ ಎಷ್ಟು ದೂರ ನಿಂತಿದ್ದಾನೆ? ಏಳೆಂಟು ಗಜ ಹಿಂದೆ ನಿಂತಿದ್ದರೆ ಅವನಿಗೆ ಈ ಹಿರಿಯನ ವೇಗದ ಮೇಲೆ ಇನ್ನೂ ಭಯವಿದೆ. ಮುಖಕ್ಕೆ ಮುಖ ಕೊಟ್ಟು, ಹಿಂದೆ ಸಹಾಯಕ್ಕೆ ಯಾರೂ ಇಲ್ಲದಿದ್ದರೂ ನಿರಾಳವಾಗಿ ನಿಂತಿದ್ದರೆ ಆ ಭಯ ಹೋಗಿದೆ. ಹಾಗೆಯೇ ಮೂರನೇ ಡೌನ್‌ನಲ್ಲಿ, ಅಂದರೆ ಚೆಂಡು ಉಳಿಸಿಕೊಳ್ಳಲೇಬೇಕಾದ ಹೊತ್ತಿನಲ್ಲಿ, ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಮೊದಲು ಯಾರತ್ತ ಹೋಗುತ್ತದೆ ಎಂಬುದನ್ನೂ ನೋಡಬೇಕು.

ಟಚ್‌ಡೌನ್‌ಗಳಿಗೆ ನಾನು ಕೊನೆಯ ಜಾಗ ಕೊಡುತ್ತೇನೆ. ಕಣ್ಣಿಗೆ ಮೊದಲು ಬೀಳುವುದು ಅವೇ, ವರ್ಷದಿಂದ ವರ್ಷಕ್ಕೆ ಅತಿ ಹೆಚ್ಚು ಹೊಯ್ದಾಡುವುದೂ ಅವೇ. ಅಟ್ಲಾಂಟಾದ ಹೂಲಿಯೊ ಜೋನ್ಸ್ 2017ರಲ್ಲಿ 1,444 ಯಾರ್ಡ್ ಗಳಿಸಿಯೂ 3 ಟಚ್‌ಡೌನ್‌ಗೆ ನಿಂತರು. ಮರುವರ್ಷ 1,677 ಯಾರ್ಡ್, 8 ಟಚ್‌ಡೌನ್. 2015ರಲ್ಲಿ ಫಿಟ್ಜ್‌ಜೆರಾಲ್ಡ್ 2ರಿಂದ 9ಕ್ಕೆ ಏರಿದರು. ಅವರ ಏರಿಕೆಯನ್ನು ಬಿಡಿಸಿ ನೋಡಿದಾಗ ನನಗೆ ಸಮಾಧಾನ ಕೊಟ್ಟ ಸಂಗತಿಯೊಂದಿದೆ. 153.4ರಿಂದ 284.5ಕ್ಕೆ, ಅಂದರೆ 131.1 ಅಂಕ ಹೆಚ್ಚಿತು. ಅದರಲ್ಲಿ ಟಚ್‌ಡೌನ್‌ಗಳ ಪಾಲು 42, ಕ್ಯಾಚ್‌ಗಳ ಪಾಲು 46, ಯಾರ್ಡ್‌ಗಳ ಪಾಲು 43.1. ಅದೃಷ್ಟದ ಕೈವಾಡ ಇರಬಹುದಾದದ್ದು ಹೆಚ್ಚೆಂದರೆ ಮೂರನೇ ಒಂದು ಭಾಗದಲ್ಲಿ. ಉಳಿದದ್ದೆಲ್ಲ ಅವರತ್ತ ಬಂದ ಚೆಂಡುಗಳ ಸಂಖ್ಯೆ 103ರಿಂದ 145ಕ್ಕೆ ಏರಿದ್ದರಿಂದ, ಬಂದದ್ದನ್ನು ನೂರಕ್ಕೆ 75ರಂತೆ ಹಿಡಿದದ್ದರಿಂದ ಬಂತು. ಆರೋಗ್ಯವಂತ ಪಾಮರ್ ಆ ವರ್ಷ 16 ಪಂದ್ಯಗಳಲ್ಲೂ ಆಡಿ 4,671 ಯಾರ್ಡ್, 35 ಟಚ್‌ಡೌನ್ ಎಸೆದಿದ್ದರು.

ಗಾಯದ ವಿಷಯ ಬಂದಾಗ ಮಾತ್ರ ನಾನು ಕಠಿಣನಾಗುತ್ತೇನೆ. ಮೂಳೆ ಮುರಿದರೆ ಕೂಡುತ್ತದೆ. ಆದರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಮೂವತ್ತು ದಾಟಿದ ಓಟಗಾರನಿಗೆ ಮತ್ತೆ ಮತ್ತೆ ಕಾಡುತ್ತದೆ. ಹೂಲಿಯೊ ಜೋನ್ಸ್ 2020ರಲ್ಲಿ ಆಡಿದ್ದು 9 ಪಂದ್ಯ, ಗಳಿಸಿದ್ದು 771 ಯಾರ್ಡ್. ಪಂದ್ಯಕ್ಕೆ 85ಕ್ಕಿಂತ ಹೆಚ್ಚು, ಯಾವ ಲೆಕ್ಕದಲ್ಲೂ ಶ್ರೇಷ್ಠ. ಈ ಸರಾಸರಿ ನಂಬಿದವರು, ಟೆನೆಸಿ ಟೈಟನ್ಸ್ ಅವರನ್ನು ಕೊಂಡುಕೊಂಡಾಗ, ಪೂರ್ಣ ಸೀಸನ್ ಆಡಿದರೆ ಎಷ್ಟಾಗುತ್ತದೆ ಎಂದು ಗುಣಿಸಿ ನೋಡಿದರು. ಆ ‘ಆಡಿದರೆ’ ಎಂಬಲ್ಲೇ ತೊಂದರೆ ಇತ್ತು. 2021ರಲ್ಲಿ ಅವರು 10 ಪಂದ್ಯಗಳಲ್ಲಿ 31 ಕ್ಯಾಚ್, 434 ಯಾರ್ಡ್, 1 ಟಚ್‌ಡೌನ್ ಗಳಿಸಿದರು. ಗಾಯದ ಸ್ವರೂಪ ತಿಳಿಯದೆ ಪಂದ್ಯದ ಸರಾಸರಿಯನ್ನು ಇಡೀ ಸೀಸನ್‌ಗೆ ಗುಣಿಸಲೇಬಾರದು.

ಪಕ್ಕದವನ ಲೆಕ್ಕವೂ ಎಲ್ಲವನ್ನೂ ಹೇಳಲಾರದು. ಮಯಾಮಿಯ ಟೈರೀಕ್ ಹಿಲ್ 2023ರಲ್ಲಿ 1,799 ಯಾರ್ಡ್ ಗಳಿಸಿದ್ದವರು 2024ರಲ್ಲಿ 959ಕ್ಕೆ ಕುಸಿದರು. ಕ್ವಾರ್ಟರ್‌ಬ್ಯಾಕ್ ಟುವಾ ಟಗೊವೈಲೊವಾ ತಲೆಗೆ ಪೆಟ್ಟಾಗಿ ಹಲವು ಪಂದ್ಯ ತಪ್ಪಿಸಿಕೊಂಡಿದ್ದರು, ಹಿಲ್ ಅವರ ಮಣಿಕಟ್ಟಿಗೂ ಗಾಯವಿತ್ತು. ಪಕ್ಕದ ಜೇಲನ್ ವಾಡಲ್ ಕೂಡ 744 ಯಾರ್ಡ್‌ಗೆ ಇಳಿದಿದ್ದರು. ಆದರೆ ಹತ್ತಿರದಲ್ಲೇ ಓಡುವ ಟೈಟ್ ಎಂಡ್ ಜಾನು ಸ್ಮಿತ್ 88 ಕ್ಯಾಚ್ ಹಿಡಿದಿದ್ದರು. ದೂರದ ಪಾಸ್‌ಗಳು ಒಣಗಿ, ಹತ್ತಿರದ ಪಾಸ್‌ಗಳು ಹೆಚ್ಚಿದ್ದವು ಎಂದು ಇದರಿಂದ ಓದಬಹುದಿತ್ತು. ಹಿಲ್ ಮತ್ತೆ ಏಳಬಹುದು ಎಂದು ನಂಬಲು ಆಧಾರವಿತ್ತು. 2025ರ ಸೆಪ್ಟೆಂಬರ್ 29ರಂದು, ಸೀಸನ್‌ನ ನಾಲ್ಕನೇ ವಾರ, ಜೆಟ್ಸ್ ವಿರುದ್ಧ ಅವರ ಮಂಡಿ ಕೀಲು ತಪ್ಪಿ ಎಲ್ಲ ಮುಗಿಯಿತು. ಅಂಥದ್ದಕ್ಕೆ ಯಾವ ಲೆಕ್ಕವೂ ಇಲ್ಲ.

ಇದರಿಂದಾಗಿಯೇ ಬೆಲೆಯ ಮಾತು ಮುಖ್ಯವಾಗುವುದು. ಹಿರಿಯ ರಿಸೀವರ್ ಒಳ್ಳೆಯವನೇ ಎಂದು ಕೇಳುವ ಬದಲು, ಯಾವ ಸುತ್ತಿನಲ್ಲಿ ಒಳ್ಳೆಯವನು ಎಂದು ಕೇಳಬೇಕು. ಹನ್ನೆರಡು ಜನರ ಲೀಗ್‌ನಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಮೂವರು ರಿಸೀವರ್‌ಗಳನ್ನು ಆಡಿಸಿದರೆ ಒಟ್ಟು 36 ಜನ ಬೇಕು. ಡ್ರಾಫ್ಟ್‌ನ ಮೊದಲ ಮೂರ್ನಾಲ್ಕು ಸುತ್ತುಗಳಲ್ಲಿ ಹಳೆಯ ಹೆಸರಿಗೆ ಮರುಳಾಗಿ ಇಪ್ಪತ್ತನೇ ರಿಸೀವರ್‌ನ ಬೆಲೆ ತೆತ್ತರೆ, ಅವನು ಇಪ್ಪತ್ತನೇ ಸ್ಥಾನದಲ್ಲೇ ಮುಗಿಸಿದರೂ ನಿಮಗೆ ಲಾಭವಿಲ್ಲ. ಎಲ್ಲರೂ ಕೈಬಿಟ್ಟು ನಲವತ್ತರ ಆಚೆ ತಳ್ಳಿದವನನ್ನು ಎಂಟನೆಯದೋ ಒಂಬತ್ತನೆಯದೋ ಸುತ್ತಿನಲ್ಲಿ ಎತ್ತಿಕೊಂಡರೆ, ಸೋತರೆ ಒಂದು ಬೆಂಚಿನ ಜಾಗ ಹೋಯಿತು, ಗೆದ್ದರೆ ಸೀಸನ್ನೇ ನಿಮ್ಮದು. ಆಟಗಾರರನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವ ಡೈನಾಸ್ಟಿ ಲೀಗ್‌ಗಳಲ್ಲಿ ಮೂವತ್ತು ದಾಟಿದವನ ಬೆಲೆ ಇನ್ನೂ ಬೇಗ ಬೀಳುತ್ತದೆ. ಈ ವರ್ಷವೇ ಗೆಲ್ಲುವ ತಂಡ ನಿಮ್ಮದಾಗಿದ್ದರೆ ಆ ಭಯವೇ ನಿಮ್ಮ ಬಂಡವಾಳ. 2014ರ ನಂತರ ಫಿಟ್ಜ್‌ಜೆರಾಲ್ಡ್ ಅವರನ್ನು ಅಗ್ಗಕ್ಕೆ ಕೊಂಡವರಿಗೆ 2015, 2016, 2017 ಮೂರು ವರ್ಷಗಳಲ್ಲಿ ಕ್ರಮವಾಗಿ 109, 107, 109 ಕ್ಯಾಚ್ ಸಿಕ್ಕವು. ಮೂರನೆಯ ಸೀಸನ್‌ಗೆ ಅವರಿಗೆ 34. ತಂಡವನ್ನು ಬುಡದಿಂದ ಕಟ್ಟುತ್ತಿರುವವರು ಮಾತ್ರ ಇಂಥ ಹಿರಿಯನನ್ನು ಕೊಳ್ಳಬಾರದು. ನಿಮ್ಮ ತಂಡ ಹಣ್ಣಾಗುವಷ್ಟರಲ್ಲಿ ಅವನು ಆಟ ಬಿಟ್ಟಿರುತ್ತಾನೆ.

ತಂಡವೇ ಆಟಗಾರನ ಮೇಲೆ ಹಣ ಹಾಕಿದೆಯೇ ಎಂದು ನೋಡುವವರೂ ಇದ್ದಾರೆ. 2015ರ ಫೆಬ್ರವರಿಯಲ್ಲಿ ಕಾರ್ಡಿನಲ್ಸ್ ಫಿಟ್ಜ್‌ಜೆರಾಲ್ಡ್ ಅವರಿಗೆ ಎರಡು ವರ್ಷಕ್ಕೆ 2.2 ಕೋಟಿ ಡಾಲರ್‌ನ ಹೊಸ ಒಪ್ಪಂದ ಕೊಟ್ಟಿತ್ತು. ಒಳ್ಳೆಯ ಸೂಚನೆ, ನಿಜ. ಆದರೆ ಮರುತಿಂಗಳೇ ಕೋಲ್ಟ್ಸ್ ಜಾನ್ಸನ್‌ಗೂ ಹಣ ಸುರಿದಿತ್ತು. ತಂಡಗಳೂ ಹೆಸರಿಗೆ ಮರುಳಾಗುತ್ತವೆ.

2015ರ ಸೀಸನ್‌ನ ಎರಡನೇ ವಾರ ಶಿಕಾಗೊದಲ್ಲಿ ಫಿಟ್ಜ್‌ಜೆರಾಲ್ಡ್ 8 ಕ್ಯಾಚ್, 112 ಯಾರ್ಡ್, 3 ಟಚ್‌ಡೌನ್ ಗಳಿಸಿದರು. ಮರುವಾರ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ 9 ಕ್ಯಾಚ್, 134 ಯಾರ್ಡ್, 2 ಟಚ್‌ಡೌನ್. ಹಿಂದಿನ ಇಡೀ ವರ್ಷದ ಟಚ್‌ಡೌನ್‌ಗಳನ್ನು ಒಂದೇ ಮಧ್ಯಾಹ್ನದಲ್ಲಿ ದಾಟಿದ ಆ ಶಿಕಾಗೊ ಪಂದ್ಯದ ನಂತರ ಅವರನ್ನು ಯಾರೂ ಅಗ್ಗಕ್ಕೆ ಬಿಟ್ಟುಕೊಡಲಿಲ್ಲ. 2016ರ ಜನವರಿ 16ರಂದು ಗ್ರೀನ್ ಬೇ ವಿರುದ್ಧದ ಪ್ಲೇಆಫ್ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದಾಗ, ಪಾಮರ್ ತಪ್ಪಿಸಿಕೊಂಡು ಅಡ್ಡಕ್ಕೆ ಎಸೆದ ಚೆಂಡನ್ನು ಹಿಡಿದು 75 ಯಾರ್ಡ್ ಓಡಿದರು. ಎರಡು ಯತ್ನಗಳ ನಂತರ 5 ಯಾರ್ಡ್‌ನಿಂದ ಟಚ್‌ಡೌನ್ ಗಳಿಸಿ 26–20ರಿಂದ ಗೆಲ್ಲಿಸಿದವರೂ ಅವರೇ. ಸಾಮಾನ್ಯ ಫ್ಯಾಂಟಸಿ ಲೀಗ್‌ಗಳು ಡಿಸೆಂಬರ್ ಅಂತ್ಯದ ಹೊತ್ತಿಗೆ ಮುಗಿದಿರುತ್ತವೆ, ಆ ಅಂಕಗಳು ಯಾರಿಗೂ ದಕ್ಕಲಿಲ್ಲ. ಆದರೂ ಆ ಓಟವನ್ನು ಹುಡುಕಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಮುಗಿದುಹೋದವರು ಎಂದು ನಾವು ಬರೆದುಹಾಕಿದ ಆಟಗಾರರ ಬಗ್ಗೆ ಇನ್ನಷ್ಟು ಗೌರವದಿಂದ ಯೋಚಿಸುವಂತೆ ಮಾಡುವ ಓಟ ಅದು.

ಪಕ್ಕದವನನ್ನು ನೋಡುವ ಅಳತೆಗೋಲನ್ನು ಫಿಟ್ಜ್‌ಜೆರಾಲ್ಡ್ ಅವರಿಗೂ ಕೊನೆಗೆ ಇಡಲೇಬೇಕಾಯಿತು. 2018ರಲ್ಲಿ 69 ಕ್ಯಾಚ್, 734 ಯಾರ್ಡ್. ಅದು ಹೊಸ ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿದ್ದ, ಇಡೀ ತಂಡ ನೆಲಕಚ್ಚಿದ್ದ ವರ್ಷ. 2019ರಲ್ಲಿ ಸ್ವಲ್ಪ ಚೇತರಿಸಿ 75 ಕ್ಯಾಚ್, 804 ಯಾರ್ಡ್. 2020ರಲ್ಲಿ, 37ನೇ ವಯಸ್ಸಿನಲ್ಲಿ, 54 ಕ್ಯಾಚ್, 409 ಯಾರ್ಡ್, 1 ಟಚ್‌ಡೌನ್. ಆ ವರ್ಷ ಅವರ ಪಕ್ಕದಲ್ಲಿ ಓಡುತ್ತಿದ್ದವರು ಹ್ಯೂಸ್ಟನ್‌ನಿಂದ ಬಂದಿದ್ದ ಡಿಆ್ಯಂಡ್ರೆ ಹಾಪ್‌ಕಿನ್ಸ್. ಅದೇ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರೆ ಎಸೆದ ಚೆಂಡುಗಳಲ್ಲಿ ಹಾಪ್‌ಕಿನ್ಸ್ 115 ಕ್ಯಾಚ್ ಹಿಡಿದು 1,407 ಯಾರ್ಡ್ ಗಳಿಸಿದರು. 2021ರಲ್ಲಿ ಫಿಟ್ಜ್‌ಜೆರಾಲ್ಡ್ ಆಡಲಿಲ್ಲ. 17 ಸೀಸನ್, 1,432 ಕ್ಯಾಚ್, 17,492 ಯಾರ್ಡ್, ಎಲ್ಲವೂ ಒಂದೇ ತಂಡಕ್ಕೆ. ಕ್ಯಾಚ್‌ಗಳಲ್ಲೂ ಯಾರ್ಡ್‌ಗಳಲ್ಲೂ ಅವರಿಗಿಂತ ಮುಂದಿರುವವರು ಜೆರಿ ರೈಸ್ ಒಬ್ಬರೇ.